ರೈಜೆಲ್ ಪಕ್ಕದ ಚಿಕ್ಕ ನಕ್ಷತ್ರ ಯಾರಿಗಾದರೂ ಕಂಡಿದೆಯಾ?

ತಾರಸಿ ಗೂಬೆ | ಭಾನುವಾರ ರಾತ್ರಿ 11:10

ಎಲ್ಲರಿಗೂ ನಮಸ್ಕಾರ. ಮಗನ ಹೆಸರಲ್ಲಿ ಟೆಲಿಸ್ಕೋಪ್ ತರಿಸಿ ಕೊನೆಗೆ ತಾನೇ ನೋಡುತ್ತಾ ಕೂತುಬಿಡುವ ತಾಯಂದಿರಲ್ಲಿ ನಾನೂ ಒಬ್ಬಳು. 114 ಮಿಲಿಮೀಟರ್ ಕನ್ನಡಿ, ಫೋಕಲ್ ಲೆಂತ್ 900. ಮನೆ ಬೆಂಗಳೂರಿನ ರಾಜಾಜಿನಗರ, ಮೂರನೇ ಮಹಡಿ ಮೇಲಿನ ತಾರಸಿ. ಚಂದ್ರ ನೋಡಿ ಆಯ್ತು. ಗುರುವಿನ ನಾಲ್ಕು ಚಂದ್ರರು ಆಯ್ತು. ಮಹಾವ್ಯಾಧನ (ಓರಿಯನ್ ಪುಂಜ) ಕತ್ತಿಯಲ್ಲಿರುವ ನೀಹಾರಿಕೆಯೂ ಆಯ್ತು, ಮಗ ಅದನ್ನು "ಹೊಗೆ" ಅಂತಾನೆ, ತಪ್ಪೇನಿಲ್ಲ.

ಈಗ ಮೂರು ವಾರದಿಂದ ನನ್ನದು ಒಂದೇ ಹಟ, ರೈಜೆಲ್. ಸೊಂಟದ ಮೂರು ನಕ್ಷತ್ರಗಳಿಗೆ ಒಂದು ಕಡೆ ಕೆಂಪು ಆರ್ದ್ರಾ, ಅದಕ್ಕೆ ಸರಿಯಾಗಿ ಎದುರು ಕಡೆ ನೀಲಿ ರೈಜೆಲ್, ಗೊತ್ತಲ್ವಾ. ಅದರ ಪಕ್ಕದಲ್ಲೇ ಒಂದು ಪುಟ್ಟ ನಕ್ಷತ್ರ ಇದೆ, ಚಿಕ್ಕ ಟೆಲಿಸ್ಕೋಪಿಗೂ ಸಿಗುತ್ತದೆ ಅಂತ ಓದಿದ್ದೆ. ನನಗೆ ಸಿಗುತ್ತಿಲ್ಲ. 25 ಮಿಲಿಮೀಟರಿನ ಐಪೀಸ್ (ಕಣ್ಣಿಡುವ ಮಸೂರ) ಹಾಕಿದರೆ ಬರೀ ಒಂದು ಉರಿಯುವ ಚುಕ್ಕಿ. 10ರದ್ದು ಹಾಕಿದರೆ ಅದೇ ಚುಕ್ಕಿ, ಸುತ್ತ ಮುಳ್ಳು ಮುಳ್ಳು ಬೆಳಕು, ಕುದಿಯುವ ನೀರಿನ ತಳದಲ್ಲಿ ಬಿದ್ದ ಕಾಸಿನ ಥರ ಅಲ್ಲಾಡುತ್ತದೆ. ಪಟ್ಟು ಹೆಚ್ಚಿಸುವ ಬಾರ್ಲೋ ಮಸೂರ ಸೇರಿಸಿದರೆ ಚುಕ್ಕಿ ಹೋಗಿ ಹತ್ತಿಯ ಉಂಡೆ. ಡಬ್ಬದ ಮೇಲೆ 675 ಪಟ್ಟು ಅಂತ ದಪ್ಪಕ್ಷರದಲ್ಲಿ ಬರೆದಿದ್ದಾರೆ. ಮಾರಿದವರಿಗೆ ಫೋನ್ ಮಾಡಿದರೆ "ಮೋಡ ಇರಬೇಕು ಮೇಡಂ" ಅಂದರು. ಮೋಡ ಇರಲಿಲ್ಲ.

ತಪ್ಪು ನನ್ನದಾ, ಟೆಲಿಸ್ಕೋಪಿನದಾ, ಬೆಂಗಳೂರಿನದಾ?


ಮಿಣುಕುಹುಳ | ಭಾನುವಾರ ರಾತ್ರಿ 11:42

ಮೂವರದ್ದೂ ಸ್ವಲ್ಪ ಸ್ವಲ್ಪ ಇದೆ ಮೇಡಂ.

ಮೊದಲು ಆ 675 ಮರೆತುಬಿಡಿ. ಕನ್ನಡಿ ಎಷ್ಟು ಮಿಲಿಮೀಟರ್ ಇದೆಯೋ ಅದರ ಎರಡರಷ್ಟು ಪಟ್ಟು, ಅಷ್ಟೇ ಲೆಕ್ಕ. ನಿಮ್ಮದಕ್ಕೆ 228. ಅದರಾಚೆಗೆ ಹೋದರೆ ಮಸುಕೇ ದೊಡ್ಡದಾಗಿ ಕಾಣುವುದು. ನಿಮ್ಮ 10ರ ಐಪೀಸ್ ಕೊಡುವ 90 ಪಟ್ಟು ಈ ಕೆಲಸಕ್ಕೆ ಸಾಕು.

ಎರಡಕ್ಕೂ ನಡುವಿನ ಅಂತರ 9.5 ಆರ್ಕ್‌ಸೆಕೆಂಡ್. ಹುಣ್ಣಿಮೆ ಚಂದ್ರನ ಅಗಲವನ್ನು ಸುಮಾರು 200 ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ. ಕೇಳಲು ಸಣ್ಣದು, ಆದರೆ ನಿಮ್ಮ ಕನ್ನಡಿ ಒಂದು ಆರ್ಕ್‌ಸೆಕೆಂಡ್ ಅಂತರವನ್ನೂ ಬಿಡಿಸಿ ತೋರಿಸಬೇಕು. ಹಾಗಾಗಿ ಅಂತರದ ತೊಂದರೆ ಇಲ್ಲ, ತೊಂದರೆ ಇರುವುದು ಬೆಳಕಿನಲ್ಲಿ. ರೈಜೆಲ್ ಕಾಂತಿಮಾನ 0.1, ಪಕ್ಕದ್ದು 6.7, ಈ ಸಂಖ್ಯೆ ಕಡಿಮೆ ಇದ್ದಷ್ಟೂ ಹೊಳಪು ಜಾಸ್ತಿ. ಅಂದರೆ 400 ಪಟ್ಟಿಗೂ ಜಾಸ್ತಿ ವ್ಯತ್ಯಾಸ. ಮದುವೆ ಮನೆಯಲ್ಲಿ ವಿಡಿಯೋದವನು ಹಿಡಿಯುವ ಲೈಟ್ ಇರುತ್ತಲ್ಲ, ಅದಕ್ಕೆ ಊದುಬತ್ತಿ ಅಂಟಿಸಿ ಎದುರಿಂದ ಅದರ ಕಿಡಿ ಹುಡುಕಿದ ಹಾಗೆ.

ಕುದಿಯುವ ನೀರು ಅಂದಿರಲ್ಲ, ಅದು ನಿಮ್ಮ ತಾರಸಿ. ಹಗಲೆಲ್ಲ ಕಾದ ಸಿಮೆಂಟ್ ರಾತ್ರಿ ಹತ್ತರವರೆಗೂ ಬಿಸಿ ಉಗುಳುತ್ತಾ ಇರುತ್ತದೆ. ಆ ಗಾಳಿಯ ಮೂಲಕವೇ ನೀವು ನೋಡುತ್ತಿರುವುದು. ಟೆಲಿಸ್ಕೋಪನ್ನು ಮುಕ್ಕಾಲು ಗಂಟೆ ಮೊದಲೇ ಹೊರಗಿಟ್ಟು ತಣಿಸಿ. ಆಗುವುದಾದರೆ ತಾರಸಿಗೆ ಸಂಜೆ ಎರಡು ಬಕೆಟ್ ನೀರು ಹೊಡೆಯಿರಿ, ನಾನು ಶಿವಮೊಗ್ಗದಲ್ಲಿದ್ದಾಗ ಹಾಗೇ ಮಾಡುತ್ತಿದ್ದೆ. ಈಗ ಊರಲ್ಲಿದ್ದೇನೆ, ಮನೆ ಮುಂದೆ ಅಡಿಕೆ ಒಣಗಿಸುವ ಅಂಗಳ, ಮಣ್ಣಿನದ್ದು, ಆ ಪೀಕಲಾಟವೇ ಇಲ್ಲ.


ಧಾರವಾಡ ಫೇಡೆ | ಸೋಮವಾರ ಬೆಳಿಗ್ಗೆ 7:05

ಅಕ್ಕಾರ, ನಿಮ್ಮ ಪ್ರಶ್ನೆ ನಡುವೆ ನನ್ನದೊಂದು ದಡ್ಡ ಪ್ರಶ್ನೆ ತೂರಿಸುತ್ತೇನೆ, ಸಿಟ್ಟಾಗಬ್ಯಾಡ್ರಿ. ಆ ಪುಂಜದಲ್ಲಿ ಎಲ್ಲಕ್ಕಿಂತ ಜಾಸ್ತಿ ಹೊಳೆಯುವುದು ರೈಜೆಲ್. ಹಂಗಿದ್ದ ಮ್ಯಾಲೆ ಅದಕ್ಕೆ ಬೀಟಾ ಅಂತ ಯಾಕೆ ಹೆಸರಿಟ್ಟರು? ಆಲ್ಫಾ ಪಟ್ಟ ಆರ್ದ್ರಾಕ್ಕೆ ಹೋಗಿದೆ. ಫಸ್ಟ್ ರ‍್ಯಾಂಕ್ ಬಂದ ಹುಡುಗನನ್ನು ಎರಡನೇ ಬೆಂಚಿಗೆ ಕೂಡಿಸಿದಂಗ ಆತಲ್ರಿ.

ಇನ್ನೊಂದು. ನೀಲಿ ನೀಲಿ ಅಂತಾರೆ ಎಲ್ಲರೂ. ನನ್ನ ಕಣ್ಣಿಗೆ ಅದು ಬಿಳಿ.


ಲೆಕ್ಕದ ಮೇಷ್ಟ್ರು | ಸೋಮವಾರ ಬೆಳಿಗ್ಗೆ 8:20

ಫೇಡೆಯವರೇ, ದಡ್ಡ ಪ್ರಶ್ನೆ ಏನಲ್ಲ, ನನ್ನ ಕ್ಲಾಸಿನಲ್ಲಿ ವರ್ಷಕ್ಕೊಬ್ಬರು ಕೇಳುತ್ತಾರೆ. ಈ ಆಲ್ಫಾ ಬೀಟಾ ಹಚ್ಚಿದವನು ಜರ್ಮನಿಯ ಯೊಹಾನ್ ಬೇಯರ್, 1603ರಲ್ಲಿ. ಆಗ ಟೆಲಿಸ್ಕೋಪೇ ಆಕಾಶದ ಕಡೆ ತಿರುಗಿರಲಿಲ್ಲ, ಬೆಳಕು ಅಳೆಯುವ ಸಾಧನ ಎಲ್ಲಿಂದ ಬರಬೇಕು. ಮೊದಲ ದರ್ಜೆ, ಎರಡನೇ ದರ್ಜೆ ಅಂತ ಹಳೆಯ ವಿಂಗಡಣೆ ಇತ್ತು, ಇವೆರಡೂ ಮೊದಲ ದರ್ಜೆಯವು. ಒಂದೇ ದರ್ಜೆಯೊಳಗೆ ಯಾವುದು ಮೇಲು ಅಂತ ಅವನು ತಲೆ ಕೆಡಿಸಿಕೊಂಡಂತಿಲ್ಲ. ಜೊತೆಗೆ ಆರ್ದ್ರಾ, ಅಂದರೆ ಬೆಟೆಲ್‌ಜ್ಯೂಸ್, ಒಂದೇ ಸಮ ಹೊಳೆಯುವ ಆಸಾಮಿಯೂ ಅಲ್ಲ. 1830ರ ದಶಕದ ಕೊನೆಯಲ್ಲಿ ಅದು ಕೆಲವು ಸಲ ರೈಜೆಲನ್ನೂ ಮೀರಿ ಹೊಳೆದಿದ್ದನ್ನು ಜಾನ್ ಹರ್ಷೆಲ್ ಬರೆದಿಟ್ಟಿದ್ದಾರೆ. ಅದೇ ಬೆಟೆಲ್‌ಜ್ಯೂಸ್ 2020ರ ಫೆಬ್ರವರಿಯಲ್ಲಿ 1.6ಕ್ಕೆ ಇಳಿದು ಕೂತಿತ್ತು, ಟಿವಿಯವರು ನಾಳೆಯೇ ಸಿಡಿಯುತ್ತದೆ ಅಂತ ಶುರು ಮಾಡಿದ್ದರು, ನೆನಪಿರಬಹುದು.

ರೈಜೆಲ್ ಕೂಡ ಸ್ವಲ್ಪ ಮಿಡಿಯುತ್ತದೆ. 0.05ರಿಂದ 0.18ರ ನಡುವೆ. ಬರಿಗಣ್ಣಿಗೆ ಗೊತ್ತಾಗುವುದಿಲ್ಲ.

ಬಣ್ಣದ ವಿಷಯ. ಸೂರ್ಯನ ಮೇಲ್ಮೈ ಸುಮಾರು 5,800 ಕೆಲ್ವಿನ್, ರೈಜೆಲ್ 12,000ದ ಆಸುಪಾಸು. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಾಗುತ್ತದೆ, ಆಮೇಲೆ ಹಳದಿ, ಇನ್ನೂ ಕಾದರೆ ಬಿಳಿ. ಅದೇ ದಾರಿಯಲ್ಲಿ ಇನ್ನೂ ಮುಂದೆ ಹೋದರೆ ನೀಲಿ ಬೆಳಕಿನ ಪಾಲು ಜಾಸ್ತಿಯಾಗುತ್ತದೆ, ಆದರೆ ಕೆಂಪು ಹಸಿರು ಎಲ್ಲವೂ ಜೊತೆಗೇ ಬರುತ್ತಿರುವುದರಿಂದ ಕಣ್ಣಿಗೆ ತೋರುವುದು ನೀಲಿ ಬೆರೆತ ಬಿಳಿ. ಉಜಾಲಾ ಹಾಕಿ ಒಗೆದ ಪಂಚೆ ಇದ್ದ ಹಾಗೆ ಅನ್ನಿ. ರೈಜೆಲಿನ ಅತಿ ಹೆಚ್ಚು ಬೆಳಕು ಬರುವುದು ನಮಗೆ ಕಾಣದ ಅತಿನೇರಳೆಯಲ್ಲಿ, ಅದು ನಮ್ಮ ಲೆಕ್ಕಕ್ಕೇ ಸಿಗುವುದಿಲ್ಲ.


ಧಾರವಾಡ ಫೇಡೆ | ಸೋಮವಾರ ಬೆಳಿಗ್ಗೆ 8:31

ಗ್ಯಾಸ್ ಒಲೆ ಉರಿ ನೀಲಿ ಇರುತ್ತಲ್ರಿ ಮೇಷ್ಟ್ರೇ, ಅದೂ 12,000 ಏನು?


ಲೆಕ್ಕದ ಮೇಷ್ಟ್ರು | ಸೋಮವಾರ ಬೆಳಿಗ್ಗೆ 8:44

ಹಾಗಿದ್ದರೆ ನಿಮ್ಮ ಮನೆಯ ಕುಕ್ಕರ್ ಕರಗಿ ಹೋಗುತ್ತಿತ್ತು. ಒಲೆಯ ನೀಲಿ ಬರುವುದು ಗ್ಯಾಸ್ ಉರಿಯುವಾಗ ಹುಟ್ಟುವ ಅಣುಗಳ ಬೆಳಕಿನಿಂದ, ಬರೀ ಶಾಖದಿಂದ ಅಲ್ಲ. ಎರಡೂ ಬೇರೆ.

ಬಣ್ಣ ನೋಡಲು ಒಂದು ಉಪಾಯ ಇದೆ. ಬೈನಾಕ್ಯುಲರನ್ನು ಬೇಕಂತಲೇ ಫೋಕಸ್ ತಪ್ಪಿಸಿ, ಚುಕ್ಕಿ ಒಂದು ಚಿಕ್ಕ ಬಿಲ್ಲೆಯಾಗುತ್ತದೆ. ಮೊದಲು ಆರ್ದ್ರಾ ನೋಡಿ, ತಕ್ಷಣ ರೈಜೆಲಿಗೆ ತಿರುಗಿಸಿ. ಅಕ್ಕಪಕ್ಕ ಇಟ್ಟಾಗಲೇ ಬಣ್ಣ ಗೊತ್ತಾಗುವುದು, ಸೀರೆ ಅಂಗಡಿಯಲ್ಲಿ ಗೊತ್ತಾಗುತ್ತಲ್ಲ ಹಾಗೆ.


ಮಸ್ಕತ್ ಮಾಮ | ಸೋಮವಾರ ಮಧ್ಯಾಹ್ನ 1:15

ಹೆಸರಿನ ಬಗ್ಗೆ ನನ್ನದೊಂದು ಮಾತು. ಇಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುವುದನ್ನು ನೋಡಿದ್ದೇನೆ, ರೈಜಲ್, ರಿಗೆಲ್, ರೀಗಲ್. ಅರಬ್ಬಿಯಲ್ಲಿ ರಿಜ್ಲ್ ಅಂದರೆ ಕಾಲು, ಪಾದ. ಹಳೆಯ ಪೂರ್ತಿ ಹೆಸರಿನ ಅರ್ಥ ಜೌಝಾಳ ಎಡಗಾಲು ಅಂತ, ಜೌಝಾ ಅಂದರೆ ಅರಬ್ಬರು ಈ ಪುಂಜದಲ್ಲಿ ಕಂಡ ಆಕೃತಿ. ಇಲ್ಲಿ ಆಫೀಸಿನಲ್ಲಿ ಕಾಲು ನೋವು ಅಂತ ಹೇಳುವಾಗ ಬಳಸುವ ಅದೇ ಪದ, ಆಕಾಶಕ್ಕೆ ಹೋದ ಮೇಲೆ ಇಂಗ್ಲಿಷರ ಬಾಯಲ್ಲಿ ರೈಜೆಲ್ ಆಯಿತು. ರೀಗಲ್ ಅಂತ ಮಾತ್ರ ಬರೆಯಬೇಡಿ ದಯವಿಟ್ಟು, ಅದು ಟಾಕೀಸು.


ಪಂಚಾಂಗದ ಪುಟ | ಸೋಮವಾರ ಸಂಜೆ 5:50

ಕಾಲು ಅನ್ನುವುದು ನಮ್ಮ ಕಡೆಯ ಕಥೆಗೂ ಹೊಂದುತ್ತದೆ, ಆದರೆ ಮನುಷ್ಯನ ಕಾಲಲ್ಲ, ಜಿಂಕೆಯದು.

ಈಗ ನಾವೆಲ್ಲ ಈ ಪುಂಜವನ್ನು ಮಹಾವ್ಯಾಧ ಅಂತೇವೆ, ಅಂದರೆ ದೊಡ್ಡ ಬೇಟೆಗಾರ. ಅದು ಗ್ರೀಕರ ಬೇಟೆಗಾರನಿಗೆ ಕೊಟ್ಟ ಹೆಸರು. ಐತರೇಯ ಬ್ರಾಹ್ಮಣದ ಹಳೆಯ ಕಥೆಯಲ್ಲಿ ಪ್ರಜಾಪತಿ ಜಿಂಕೆಯಾಗಿ ರೋಹಿಣಿಯ ಹಿಂದೆ ಓಡುತ್ತಾನೆ, ಅವನಿಗೆ ಬಾಣ ಬೀಳುತ್ತದೆ. ಸೊಂಟದ ಮೂರು ನಕ್ಷತ್ರಗಳೇ ಆ ಬಾಣ. ಹೊಡೆದವನು ಹಿಂದೆ ನಿಂತ ಲುಬ್ಧಕ, ಅಂದರೆ ಸಿರಿಯಸ್ ನಕ್ಷತ್ರ. ಸುತ್ತಲಿನ ನಾಲ್ಕು ನಕ್ಷತ್ರ ಜಿಂಕೆಯ ನಾಲ್ಕು ಕಾಲು, ಅದರಲ್ಲಿ ಒಂದು ರೈಜೆಲ್. ಅಂದರೆ ನಮ್ಮಲ್ಲಿ ಬೇಟೆಯಾಗಿದ್ದದ್ದು ಈಗ ಬೇಟೆಗಾರನಾಗಿ ಕೂತಿದೆ. ಮರಾಠಿ ಹಿಂದಿಯಲ್ಲಿ ರೈಜೆಲಿಗೆ ರಾಜನ್ಯ ಅಂತ ಹೆಸರಿದೆ, ನಮ್ಮಲ್ಲಿ ಅದು ಬಳಕೆಗೆ ಬರಲಿಲ್ಲ.

ಇನ್ನೊಂದು ವಿಷಯ ನನ್ನನ್ನು ತುಂಬಾ ದಿನ ಕಾಡಿತ್ತು. ಮೃಗಶಿರ ಮಳೆ ಇದೆ, ಆರಿದ್ರಾ ಮಳೆ ಇದೆ. "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ" ಅಂತ ಗಾದೆಯೂ ಇದೆ. ಮೃಗಶಿರ ಅಂತ ಕರೆಯುವುದು ಜಿಂಕೆಯ ತಲೆಯ ಹತ್ತಿರದ ಮೂರು ಮಂಕು ಚುಕ್ಕಿಗಳನ್ನು, ಬೆಂಗಳೂರಲ್ಲಿ ಕಣ್ಣು ಕಿರಿದು ಮಾಡಿ ನೋಡಬೇಕು. ಅವುಗಳಿಗೆ ಮಳೆ ಇದೆ, ಜಾತಕ ಇದೆ, ಮದುವೆಗೆ ಕೂಡಿಬರುತ್ತದೋ ಇಲ್ಲವೋ ಅನ್ನುವ ಲೆಕ್ಕ ಇದೆ. ಇಷ್ಟು ಧಗಧಗ ಉರಿಯುವ ರೈಜೆಲಿಗೆ ಏನೂ ಇಲ್ಲ, ಯಾಕೆ? ಕಾರಣ ಸರಳ, ಅದು ದಾರಿ ಬದಿಯ ಮನೆಯಲ್ಲ. ಸೂರ್ಯ ಓಡಾಡುವ ದಾರಿಯಿಂದ 31 ಡಿಗ್ರಿ ದಕ್ಷಿಣಕ್ಕಿದೆ, ಚಂದ್ರ ಎಷ್ಟೇ ವಾಲಿದರೂ ಆ ದಾರಿಯಿಂದ ಐದು ಡಿಗ್ರಿ ಆಚೀಚೆ, ಅಷ್ಟೇ. ಹಳಬರು ಚಂದ್ರ ತಂಗುವ ಮನೆಗಳನ್ನು ಎಣಿಸುತ್ತಾ ಹೋದರು, ರೈಜೆಲ್ ಹೊಲದ ಆ ಬದಿಯಲ್ಲಿ ಉಳಿದುಬಿಟ್ಟಿತು. ಲುಬ್ಧಕನಿಗೂ ಅದೇ ಗತಿ.


ಲಂಡನ್ನಿನ ಮಳೆ | ಸೋಮವಾರ ರಾತ್ರಿ 12:30

ಪಂಚಾಂಗದವರೇ, ಸಖತ್ತಾಗಿದೆ.

ಸಣ್ಣದೊಂದು ಗಮನಿಸಿದ್ದು ಹೇಳುತ್ತೇನೆ. ಇಲ್ಲಿ ಆರ್ದ್ರಾ ಅರ್ಧ ಗಂಟೆಗೂ ಮುಂಚೆ ಹುಟ್ಟುತ್ತದೆ, ರೈಜೆಲ್ ಆಮೇಲೆ. ಚಿಕ್ಕಂದಿನಲ್ಲಿ ಮೈಸೂರಿನ ಮನೆಯ ಮಾಳಿಗೆಯಿಂದ ನೋಡುವಾಗ ಹೀಗಿರಲಿಲ್ಲ ಅಂತ ನೆನಪು, ಅಣ್ಣನ ಜೊತೆ ಜಗಳವೇ ಆಗಿತ್ತು. ನನ್ನ ನೆನಪು ಸರಿಯಾ?


ಲೆಕ್ಕದ ಮೇಷ್ಟ್ರು | ಮಂಗಳವಾರ ಬೆಳಿಗ್ಗೆ 6:55

ನೀವೇ ಸರಿ, ಅಣ್ಣನಿಗೆ ಹೇಳಿ. ನಮ್ಮ ಕಡೆ ರೈಜೆಲ್ ಮೊದಲು, ಸುಮಾರು 25 ನಿಮಿಷ ಆದ ಮೇಲೆ ಆರ್ದ್ರಾ. ಲೆಕ್ಕ ಹಾಕಿದರೆ 32-33 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ ಎರಡೂ ಒಟ್ಟಿಗೆ ಹುಟ್ಟುತ್ತವೆ, ಅದರಿಂದ ಮೇಲೆ ಸರದಿ ಅದಲು ಬದಲು. ಇಂಗ್ಲಿಷ್ ಪುಸ್ತಕ ನೋಡಿ ಪಾಠ ಮಾಡುವವರು ಇಲ್ಲೇ ಎಡವುವುದು, ನಾನೂ ಒಂದು ಸಲ ಎಡವಿದ್ದೇನೆ. ಮಕ್ಕಳನ್ನು ಡಿಸೆಂಬರಿನಲ್ಲಿ ಮೈದಾನಕ್ಕೆ ಕರೆದುಕೊಂಡು ಹೋಗಿ ಈಗ ನೋಡಿ ಮೊದಲು ಕೆಂಪು ಬರುತ್ತದೆ ಅಂದೆ, ಬಿಳಿ ಬಂತು.


ತಾರಸಿ ಗೂಬೆ | ಮಂಗಳವಾರ ರಾತ್ರಿ 10:05

ಎಲ್ಲರಿಗೂ ಥ್ಯಾಂಕ್ಸ್, ಆದರೆ ನನ್ನ ನಕ್ಷತ್ರ ಇನ್ನೂ ಕಾಣಲಿಲ್ಲ.

ಇವತ್ತು ಟೆಲಿಸ್ಕೋಪ್ ಏಳು ಗಂಟೆಗೇ ಹೊರಗಿಟ್ಟೆ. ಎರಡು ಬಕೆಟ್ ನೀರೂ ಹೊಡೆದೆ. ಕೆಳಗಿನ ಮನೆಯವರು ಬಂದು ತಾರಸಿ ಸೋರುತ್ತಿದೆಯಾ ಅಂತ ಕೇಳಿದರು, ಅವರಿಗೂ ರೈಜೆಲ್ ತೋರಿಸಿ ಕಳಿಸಿದೆ. ಅಲ್ಲಾಟ ನಿಜವಾಗಿಯೂ ಕಡಿಮೆಯಾಗಿದೆ. ಒಂಬತ್ತು ಗಂಟೆಗೆ ದಕ್ಷಿಣದಲ್ಲಿ ಒಳ್ಳೇ ಎತ್ತರಕ್ಕೆ ಬಂದಿತ್ತು. ಚುಕ್ಕಿ ಈಗ ಚುಕ್ಕಿಯ ಥರವೇ ಇದೆ, ಸುತ್ತ ಒಂದು ತೆಳು ಉಂಗುರ, ಮತ್ತೆ ಪ್ಲಸ್ ಆಕಾರದಲ್ಲಿ ನಾಲ್ಕು ಉದ್ದ ಮುಳ್ಳು. ಪಕ್ಕದಲ್ಲಿ ಏನೋ ಇದ್ದ ಹಾಗೆ ಅನ್ನಿಸುತ್ತದೆ, ನೋಡಿದರೆ ಇಲ್ಲ. ಎಲ್ಲಿ ಹುಡುಕಬೇಕು ಅಂತಲೇ ಗೊತ್ತಾಗುತ್ತಿಲ್ಲ, ಮೇಲಾ, ಕೆಳಗಾ, ಎಡಕ್ಕಾ?


ಮಿಣುಕುಹುಳ | ಮಂಗಳವಾರ ರಾತ್ರಿ 10:30

ದಿಕ್ಕು ಹುಡುಕುವುದು ಹೀಗೆ. ಟೆಲಿಸ್ಕೋಪ್ ಮುಟ್ಟದೆ ಬಿಡಿ. ರೈಜೆಲ್ ಮೆಲ್ಲಗೆ ಒಂದು ಕಡೆ ಜಾರುತ್ತದೆ, ಅದು ಪಶ್ಚಿಮ. ಆಮೇಲೆ ಟ್ಯೂಬನ್ನು ದಕ್ಷಿಣದ ಕಡೆಗೆ ಒಂದು ಕೂದಲಿನಷ್ಟು ನೂಕಿ, ಹೊಸ ನಕ್ಷತ್ರಗಳು ಯಾವ ಅಂಚಿನಿಂದ ಒಳಗೆ ಬರುತ್ತವೋ ಅದು ದಕ್ಷಿಣ. ನಿಮ್ಮ ಚಿಕ್ಕದ್ದು ಇರುವುದು ದಕ್ಷಿಣಕ್ಕೆ, ಸ್ವಲ್ಪ ಪಶ್ಚಿಮಕ್ಕೆ ವಾಲಿ. ಆ ಉಂಗುರದಾಚೆ, ಖಾಲಿ ಕಪ್ಪು ಜಾಗದಲ್ಲಿ.

ಪ್ಲಸ್ ಮುಳ್ಳು ಬರುವುದು ಟ್ಯೂಬಿನ ಬಾಯಲ್ಲಿ ಚಿಕ್ಕ ಕನ್ನಡಿ ಹಿಡಿದ ಪಟ್ಟಿಗಳಿಂದ. ಒಂದು ಮುಳ್ಳು ಸರಿಯಾಗಿ ಅದರ ಮೇಲೇ ಬಿದ್ದಿರಬಹುದು. ಉಂಗುರದ ಸ್ಕ್ರೂ ಸಡಿಲ ಮಾಡಿ ಟ್ಯೂಬನ್ನು ಕಾಲು ಸುತ್ತಿನ ಅರ್ಧದಷ್ಟು ತಿರುಗಿಸಿದರೆ ಮುಳ್ಳು ಪಕ್ಕಕ್ಕೆ ಸರಿಯುತ್ತದೆ.


ಕಾಂಗರೂ ಕನ್ನಡಿಗ | ಬುಧವಾರ ಬೆಳಿಗ್ಗೆ 5:40

ಸಿಡ್ನಿಯಿಂದ ನಮಸ್ಕಾರ. ಇಲ್ಲಿ ಮಹಾವ್ಯಾಧ ತಲೆ ಕೆಳಗೆ, ಕಾಲು ಮೇಲೆ. ಹಾಗಾಗಿ ರೈಜೆಲ್ ನಮಗೆ ಎಲ್ಲಕ್ಕಿಂತ ಮೇಲೆ ಕೂತಿರುತ್ತದೆ. ಸೊಂಟ ಮತ್ತು ಕತ್ತಿಯನ್ನು ಸೇರಿಸಿ ಇಲ್ಲಿಯವರು ಹಿಡಿಕೆ ಇರುವ ಪಾತ್ರೆ ಅಂತಾರೆ, ಒಮ್ಮೆ ಹಾಗೆ ಕಂಡ ಮೇಲೆ ಬೇಟೆಗಾರ ಕಾಣುವುದೇ ಇಲ್ಲ. ಪಕ್ಕದ ನ್ಯೂಜಿಲೆಂಡಿನ ಮಾವೊರಿಗಳಿಗೆ ಇದು ಪುಆಂಗ. ಅವರಲ್ಲಿ ಕೆಲವು ಕಡೆಯವರಿಗೆ ಜೂನ್ ತಿಂಗಳಲ್ಲಿ ಬೆಳಗಿನ ಜಾವ ಪುಆಂಗ ಮತ್ತೆ ಕಾಣಿಸಿದರೆ ಹೊಸ ವರ್ಷ. ಊರಲ್ಲಿ ನಮ್ಮಪ್ಪ ಮೃಗಶಿರ ಮಳೆಗೆ ಬಾಯಿ ಬಿಟ್ಟು ಕಾಯುವ ದಿನಗಳೇ ಅವು. ಸೂರ್ಯ ಆ ಭಾಗದಲ್ಲಿರುವುದರಿಂದ ನಮಗೆ ಆ ಪುಂಜ ಕಾಣುವುದಿಲ್ಲ, ಬರೀ ಮಳೆ ಲೆಕ್ಕ. ದಕ್ಷಿಣದವರಿಗೆ ರೈಜೆಲ್ ಮೊದಲೇ ಹೊರಗೆ ಬರುತ್ತದೆ.

ಇನ್ನೊಂದು ಕಥೆ ಹೇಳಲೇಬೇಕು. ರೈಜೆಲ್ ಎಷ್ಟು ದಪ್ಪ ಅಂತ ಅಳೆದಿದ್ದು ಇದೇ ನ್ಯೂ ಸೌತ್ ವೇಲ್ಸ್ ರಾಜ್ಯದ ನ್ಯಾರಬ್ರಿ ಅನ್ನುವ ಊರಿನ ಹತ್ತಿರ. 188 ಮೀಟರ್ ಅಗಲದ ದುಂಡನೆಯ ರೈಲು ಹಳಿ, ಅದರ ಮೇಲೆ ಎರಡು ಟ್ರಾಲಿ, ಒಂದೊಂದರ ಮೇಲೂ 6.5 ಮೀಟರ್ ಅಗಲದ ಕನ್ನಡಿ ಜೋಡಣೆ. ನಕ್ಷತ್ರ ಸರಿದಂತೆ ಟ್ರಾಲಿಗಳೂ ಹಳಿ ಮೇಲೆ ಸರಿಯುತ್ತಿದ್ದವು. ಎರಡೂ ಕನ್ನಡಿಗೆ ಬರುವ ಬೆಳಕಿನ ಅಲುಗಾಟ ಎಷ್ಟು ಹೊಂದುತ್ತದೆ ಅಂತ ನೋಡಿ ನಕ್ಷತ್ರದ ಅಗಲ ಲೆಕ್ಕ ಹಾಕುತ್ತಿದ್ದರು. 1974ರಲ್ಲಿ 32 ನಕ್ಷತ್ರಗಳ ಅಗಲ ಪ್ರಕಟ ಮಾಡಿದರು. ರೈಜೆಲ್‌ದು 2.55 ಮಿಲಿ ಆರ್ಕ್‌ಸೆಕೆಂಡ್. ಗೂಬೆ ಮೇಡಂ ಹುಡುಕುತ್ತಿರುವ 9.5 ಆರ್ಕ್‌ಸೆಕೆಂಡ್ ಇದರ ಮುಂದೆ ಹೆದ್ದಾರಿ. ಈ ಕೆಲಸದ ಹಿಂದಿದ್ದವರು ರಾಬರ್ಟ್ ಹ್ಯಾನ್‌ಬರಿ ಬ್ರೌನ್. ಹುಟ್ಟಿದ್ದು ಎಲ್ಲಿ ಗೊತ್ತಾ, ನೀಲಗಿರಿಯ ಅರವಂಕಾಡು. ಊಟಿ ಪುಟ್ಟ ರೈಲಿನಲ್ಲಿ ಹೋಗುವಾಗ ಕೂನೂರು ದಾಟಿದ ಮೇಲೆ ಸಿಗುತ್ತಲ್ಲ, ಅದೇ.


ಲೆಕ್ಕದ ಮೇಷ್ಟ್ರು | ಬುಧವಾರ ಮಧ್ಯಾಹ್ನ 2:10

ಕಾಂಗರೂ ಅವರೇ, ಅರವಂಕಾಡಿನ ವಿಷಯ ನನಗೆ ಗೊತ್ತೇ ಇರಲಿಲ್ಲ!

ಆ ಅಗಲಕ್ಕೆ ದೂರ ಸೇರಿಸಿದರೆ ಗಾತ್ರ ಸಿಗುತ್ತದೆ. ದೂರ ಸುಮಾರು 860 ಜ್ಯೋತಿರ್ವರ್ಷ, ವ್ಯಾಸ ಸೂರ್ಯನ 70-80 ಪಟ್ಟು. ಸೂರ್ಯನ ಜಾಗದಲ್ಲಿ ತಂದಿಟ್ಟರೆ ಬುಧ ಗ್ರಹದ ದಾರಿಯ ಹತ್ತಿರದವರೆಗೂ ಅದೇ ತುಂಬಿಕೊಳ್ಳುತ್ತದೆ. ಬೆಳಕು ಸೂರ್ಯನಿಗಿಂತ ಲಕ್ಷ ಪಟ್ಟಿಗೂ ಜಾಸ್ತಿ ಅಂತ ಅಂದಾಜು. ತೂಕ ಸುಮಾರು 20 ಸೂರ್ಯರಷ್ಟು. ನನ್ನ ಹುಡುಗರಿಗೆ ಈ ಪಟ್ಟು ಗಿಟ್ಟು ಹೇಳಿದರೆ ಆಕಳಿಸುತ್ತಾರೆ, ಅವರಿಗೆ ನಾನು ಹೇಳುವುದು ಬೇರೆ. ಲುಬ್ಧಕ ನಮಗೆ ಎಂಟೂವರೆ ಜ್ಯೋತಿರ್ವರ್ಷ ದೂರ. ರೈಜೆಲನ್ನು ಎತ್ತಿಕೊಂಡು ಬಂದು ಅಲ್ಲಿಟ್ಟರೆ ಅದು ಅಷ್ಟಮಿ ಚಂದ್ರನಷ್ಟು ಬೆಳಕು ಕೊಡುತ್ತದೆ, ಅಷ್ಟೂ ಬೆಳಕು ಒಂದೇ ಚುಕ್ಕಿಯಿಂದ. ಅಂಗಳದಲ್ಲಿ ನಿಮ್ಮ ನೆರಳು ಕತ್ತರಿಸಿಟ್ಟ ಹಾಗೆ ಬೀಳುತ್ತದೆ.

860 ವರ್ಷ ಅಂದರೆ ಇವತ್ತು ನಿಮ್ಮ ಕಣ್ಣಿಗೆ ಬಿದ್ದ ಬೆಳಕು ಅಲ್ಲಿಂದ ಹೊರಟಾಗ ಕಲ್ಯಾಣದಲ್ಲಿ ಬಿಜ್ಜಳ ಆಳುತ್ತಿದ್ದ, ಅನುಭವ ಮಂಟಪದಲ್ಲಿ ಶರಣರು ಕೂತಿದ್ದರು.


ಪಂಚಾಂಗದ ಪುಟ | ಬುಧವಾರ ಮಧ್ಯಾಹ್ನ 2:50

ಮೇಷ್ಟ್ರೇ, ಕೇಳಲು ಚೆನ್ನಾಗಿದೆ, ಆದರೆ ಆ 860ರ ಆಚೀಚೆ 80 ವರ್ಷ ಹೆಚ್ಚುಕಮ್ಮಿ ಇದೆಯಲ್ವಾ? ಹಿಪ್ಪಾರ್ಕಸ್ ಉಪಗ್ರಹದ ಅಳತೆ ಅದು. 2025ರವರೆಗೆ ಕೆಲಸ ಮಾಡಿದ ಗಾಯಾ ಇನ್ನೂ ಸೂಕ್ಷ್ಮವಾಗಿ ಅಳೆಯುತ್ತಿದ್ದ ಉಪಗ್ರಹ, ಆದರೆ ರೈಜೆಲ್‌ನಷ್ಟು ಪ್ರಖರವಾದದ್ದು ಎದುರಿಗೆ ಬಂದರೆ ಅದರ ಕಣ್ಣು ಕುಕ್ಕುತ್ತಿತ್ತು. ಹಾಗಾಗಿ ಬೆಳಕು ಹೊರಟಾಗ ಇದ್ದದ್ದು ಬಿಜ್ಜಳನೇ ಅಂತ ಹೇಗೆ ಹೇಳುವುದು, ಹೊಯ್ಸಳ ವಿಷ್ಣುವರ್ಧನ ಇರಬಹುದು, ಎರಡನೇ ವೀರಬಲ್ಲಾಳನೂ ಇರಬಹುದು.


ಲೆಕ್ಕದ ಮೇಷ್ಟ್ರು | ಬುಧವಾರ ಸಂಜೆ 4:00

ಒಪ್ಪಿದೆ ಮಹಾರಾಯರೇ. ಆದರೂ ಬಿಜ್ಜಳನನ್ನು ನಾನು ಬಿಡುವುದಿಲ್ಲ, ನಡುವಿನ ಸಂಖ್ಯೆ ಅವನದೇ.


ಹಡಗಿನ ಗಂಟೆ | ಗುರುವಾರ ರಾತ್ರಿ 9:20

ಈ ಚರ್ಚೆ ಈಗ ಓದಿದೆ, ಸಿಗ್ನಲ್ ಇರಲಿಲ್ಲ. ಮರ್ಚೆಂಟ್ ನೇವಿಯಲ್ಲಿದ್ದೇನೆ, ಊರು ಮಂಗಳೂರು. ರೈಜೆಲ್ ನಮಗೆ ಹಳೇ ದೋಸ್ತಿ. ಹಡಗು ಎಲ್ಲಿದೆ ಅಂತ ತಿಳಿಯಲು ಅಲ್ಮನಾಕಿನಲ್ಲಿ ಕೊಟ್ಟಿರುವ 57 ನಕ್ಷತ್ರಗಳಲ್ಲಿ ಇದೂ ಒಂದು. ಜಿಪಿಎಸ್ ಬಂದ ಮೇಲೂ ನಕ್ಷತ್ರದ ಎತ್ತರ ಅಳೆಯುವ ಸೆಕ್ಸ್ಟೆಂಟ್ ಹಿಡಿಯಲು ಕಲಿಸುತ್ತಾರೆ. ಅದರಲ್ಲಿ ಒಂದು ಮಜಾ ಇದೆ. ನಕ್ಷತ್ರದ ಎತ್ತರ ಅಳೆಯಬೇಕಾದರೆ ನಕ್ಷತ್ರವೂ ಕಾಣಬೇಕು, ಸಮುದ್ರದ ಅಂಚೂ ಕಾಣಬೇಕು. ಪೂರ್ತಿ ಕತ್ತಲಾದರೆ ಅಂಚು ಮಾಯ. ಹಾಗಾಗಿ ನಮ್ಮ ಕೆಲಸವೆಲ್ಲ ಸೂರ್ಯ ಮುಳುಗಿದ ಮೇಲಿನ ಆ ಸ್ವಲ್ಪ ಹೊತ್ತಿನಲ್ಲಿ, ಆಕಾಶ ಇನ್ನೂ ನೀಲಿ ಇರುವಾಗಲೇ. ಆ ಹೊತ್ತಿನ ರೈಜೆಲ್ ನೋಡಬೇಕು, ಒಂದಿಷ್ಟೂ ಕಣ್ಣಿಗೆ ಚುಚ್ಚುವುದಿಲ್ಲ, ಸೂಜಿಯಿಂದ ತೂತು ಮಾಡಿದ ಹಾಗೆ ಸ್ವಚ್ಛ. ಟೆಲಿಸ್ಕೋಪಿನ ವಿಷಯ ನನಗೆ ಗೊತ್ತಿಲ್ಲ, ಸುಮ್ನೆ ಹೇಳಿದೆ.


ಮಿಣುಕುಹುಳ | ಗುರುವಾರ ರಾತ್ರಿ 9:33

ಅಯ್ಯೋ ಅಣ್ಣಾ, ಸುಮ್ನೆ ಅಲ್ಲ ಅದು. ನಾನು ಮೊದಲ ದಿನವೇ ಹೇಳಬೇಕಾಗಿತ್ತು, ಮರೆತೇಹೋಗಿತ್ತು.

ಗೂಬೆ ಮೇಡಂ, ರಾತ್ರಿ ಬೇಡ. ಮುಸ್ಸಂಜೆ ನೋಡಿ. ಇದು ಜೋಡಿ ನಕ್ಷತ್ರ ನೋಡುವವರ ಹಳೇ ತಂತ್ರ. ಆಕಾಶ ಇನ್ನೂ ಬೆಳಗಿರುವಾಗ ದೊಡ್ಡ ನಕ್ಷತ್ರದ ಸುತ್ತಲಿನ ಹರಡಿದ ಬೆಳಕೆಲ್ಲ ಆ ನೀಲಿಯಲ್ಲಿ ಮುಳುಗಿ ಹೋಗುತ್ತದೆ, ನಿಮ್ಮ ಕಣ್ಣಿನ ಪಾಪೆಯೂ ಪೂರ್ತಿ ಅರಳಿರುವುದಿಲ್ಲ. ಜನವರಿ ಕೊನೆ ವಾರ, ಬೆಂಗಳೂರಿನಲ್ಲಿ 6:40ರ ಹೊತ್ತಿಗೆ ರೈಜೆಲ್ ಆಗಲೇ ಅರ್ಧ ಆಕಾಶ ಹತ್ತಿರುತ್ತದೆ, ಆಗ್ನೇಯಕ್ಕೆ. ಬರಿಗಣ್ಣಿಗೆ ಅದು ಕಂಡ ಕೂಡಲೇ ಹಿಡಿಯಿರಿ. ನೀರು ಮಾತ್ರ ನಾಲ್ಕು ಗಂಟೆಗೇ ಹೊಡೆಯಿರಿ.


ಲೆಕ್ಕದ ಮೇಷ್ಟ್ರು | ಗುರುವಾರ ರಾತ್ರಿ 10:15

ಹುಡುಕುವ ಮೊದಲು ಏನು ಹುಡುಕುತ್ತಿದ್ದೀರಿ ಅಂತ ತಿಳಿದಿರಲಿ. ಆ ಊದುಬತ್ತಿ ಕಿಡಿಯನ್ನು ಹಗುರ ಮಾಡಬೇಡಿ. ಮೊದಲು ನೋಡಿದವರು ವಿಲಿಯಂ ಹರ್ಷೆಲ್, 1781ರಲ್ಲಿ, ಯುರೇನಸ್ ಕಂಡುಹಿಡಿದ ವರ್ಷವೇ. ಅದೂ ಬಿಸಿಯಾದ ನೀಲಿ-ಬಿಳಿ ನಕ್ಷತ್ರ, ನಮ್ಮ ಸೂರ್ಯನಿಗಿಂತ ನೂರು ಪಟ್ಟು ಹೊಳಪು. ಸೂರ್ಯನನ್ನು ಆ ಜಾಗದಲ್ಲಿ ಇಟ್ಟಿದ್ದರೆ ನಿಮ್ಮ ಟೆಲಿಸ್ಕೋಪಿಗೆ ರಾಜಾಜಿನಗರದಿಂದ ಸಿಗುತ್ತಿತ್ತೋ ಇಲ್ಲವೋ. ಮತ್ತೆ ಅದು ಒಂಟಿಯೂ ಅಲ್ಲ, ಹತ್ತು ದಿನದೊಳಗೆ ಒಂದನ್ನೊಂದು ಸುತ್ತುವ ಜೋಡಿ ಅದರೊಳಗೇ ಇದೆ, ಅದರ ಬೆಳಕನ್ನು ಬಣ್ಣಗಳಾಗಿ ಬಿಡಿಸಿ, ಅಂದರೆ ರೋಹಿತ ನೋಡಿದರೆ ಮಾತ್ರ ತಿಳಿಯುತ್ತದೆ. ರೈಜೆಲಿನಿಂದ ಅದು ಇರುವ ದೂರ ಕಡಿಮೆ ಅಂದರೂ ಭೂಮಿ-ಸೂರ್ಯರ ಅಂತರದ 2,200 ಪಟ್ಟು. ಒಂದು ಸುತ್ತಿಗೆ 20,000 ವರ್ಷದ ಮೇಲೆ ಬೇಕು ಅಂತ ಅಂದಾಜು. ಹರ್ಷೆಲ್ ಕಾಲದಿಂದ ಇಲ್ಲಿಯವರೆಗೆ ಅದು ಹೆಚ್ಚುಕಮ್ಮಿ ಇದ್ದಲ್ಲೇ ಇದೆ, ಎಲ್ಲಿಗೂ ಓಡಿ ಹೋಗುವುದಿಲ್ಲ, ನಿಧಾನವಾಗಿ ಹುಡುಕಿ.


ಧಾರವಾಡ ಫೇಡೆ | ಶುಕ್ರವಾರ ಬೆಳಿಗ್ಗೆ 7:30

ಮೇಷ್ಟ್ರೇ, ಇದು ಸಿಡಿಯುವುದು ಯಾವಾಗ? ಆರ್ದ್ರಾ ಸಿಡಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ರೈಜೆಲ್ ಸುದ್ದಿ ಯಾರೂ ಎತ್ತುವುದಿಲ್ಲ.


ಲೆಕ್ಕದ ಮೇಷ್ಟ್ರು | ಶುಕ್ರವಾರ ಬೆಳಿಗ್ಗೆ 8:05

ಸಿಡಿಯುತ್ತದೆ, ನಾವು ಇರುವುದಿಲ್ಲ. ಹುಟ್ಟಿ ಸುಮಾರು 80 ಲಕ್ಷ ವರ್ಷ ಆಗಿರಬಹುದು. ಸೂರ್ಯನಿಗೆ 460 ಕೋಟಿ. ಈ ಎಳೆ ವಯಸ್ಸಿಗೇ ನಡುವಿನ ಹೈಡ್ರೋಜನ್ ಖಾಲಿ ಮಾಡಿಕೊಂಡು ಕೂತಿದೆ. ಮೊದಲೆಲ್ಲ ಕೆಂಪು ದೈತ್ಯಗಳೇ ಸಿಡಿಯುವುದು ಅಂತ ನಂಬಿದ್ದರು. 1987ರ ಫೆಬ್ರವರಿಯಲ್ಲಿ ದೊಡ್ಡ ಮೆಗಲನ್ ಮೋಡ ಅನ್ನುವ ಪಕ್ಕದ ಗೆಲಾಕ್ಸಿಯಲ್ಲಿ ಒಂದು ಸಿಡಿಯಿತು, ಹಳೇ ಫೋಟೋ ತೆಗೆದು ನೋಡಿದರೆ ಅಲ್ಲಿದ್ದದ್ದು ರೈಜೆಲ್ ಜಾತಿಯ ನೀಲಿ ನಕ್ಷತ್ರ. ಎಲ್ಲರ ಲೆಕ್ಕ ತಲೆಕೆಳಗಾಯಿತು. ಆದ್ದರಿಂದ ರೈಜೆಲ್ ಕೆಂಪಾಗಿ ಹೋಗುತ್ತದೋ ನೀಲಿಯಾಗೇ ಹೋಗುತ್ತದೋ ಅಂತ ಬಾಜಿ ಕಟ್ಟಬೇಡಿ.


ತಾರಸಿ ಗೂಬೆ | ಶನಿವಾರ ಸಂಜೆ 7:25

ಕಂಡಿತು!!!

ತಾಳಿ, ಸರಿಯಾಗಿ ಬರೆಯುತ್ತೇನೆ, ಕೈ ಇನ್ನೂ ತಣ್ಣಗಿದೆ. ನಾಲ್ಕಕ್ಕೆ ನೀರು ಹೊಡೆದೆ, ಐದೂವರೆಗೆ ಟೆಲಿಸ್ಕೋಪ್ ಹೊರಗಿಟ್ಟೆ. ಆರೂವರೆಗೆ ಮಗನನ್ನು ಕರೆದೆ, ಅವನಿಗೆ ಕಣ್ಣು ಚುರುಕು, "ಅಮ್ಮಾ ಅಲ್ಲಿ, ವಾಟರ್ ಟ್ಯಾಂಕ್ ಮೇಲೆ" ಅಂತ ಅವನೇ ಮೊದಲು ರೈಜೆಲ್ ತೋರಿಸಿದ. ಆಕಾಶ ಇನ್ನೂ ಇಂಕು ಚೆಲ್ಲಿದ ಬಣ್ಣ. 10ರ ಐಪೀಸ್ ಹಾಕಿದೆ. ಹಡಗಿನ ಅಣ್ಣ ಹೇಳಿದ್ದು ಅಕ್ಷರಶಃ ನಿಜ, ಮುಳ್ಳೇ ಇಲ್ಲ, ಒಂದು ಚಿಕ್ಕ ಗಟ್ಟಿ ಚುಕ್ಕಿ. ಮೊದಲ ಐದು ನಿಮಿಷ ಏನೂ ಕಾಣಲಿಲ್ಲ. ಟೆಲಿಸ್ಕೋಪ್ ಮುಟ್ಟದೆ ಬಿಟ್ಟೆ, ಚುಕ್ಕಿ ಜಾರಿತು, ದಕ್ಷಿಣ ಯಾವ ಕಡೆ ಅಂತ ಕಂಡುಕೊಂಡೆ. ಅದೇ ಜಾಗಕ್ಕೆ ಕಣ್ಣು ನೆಟ್ಟು ಕೂತೆ. ಗಾಳಿ ಒಂದು ಕ್ಷಣ ನಿಂತ ಹಾಗಾಯಿತು, ಅಲ್ಲಿ ಇತ್ತು. ನಾನು ಅಂದುಕೊಂಡಿದ್ದಕ್ಕಿಂತ ತುಂಬಾ ಹತ್ತಿರ, ತುಂಬಾ ಸಣ್ಣದು. ರಾಗಿ ಕಾಳಿನ ಪಕ್ಕ ಗಸಗಸೆ ಕಾಳು. ಮಾಯವಾಯಿತು. ಮತ್ತೆ ಬಂತು, ಅದೇ ಜಾಗದಲ್ಲಿ. ಆಮೇಲೆ ಬಿಡದೆ ಹದಿನೈದು ನಿಮಿಷ ಕಾಣುತ್ತಲೇ ಇತ್ತು.

ಮಗನಿಗೆ ಎಲ್ಲಿದೆ ಅಂತ ಹೇಳದೆ ನೋಡು ಅಂದೆ. ಕಾಗದದ ಮೇಲೆ ಬರೆದು ತೋರಿಸಿದ, ನಾನು ಕಂಡ ಕಡೆಯೇ ಚುಕ್ಕಿ ಇಟ್ಟಿದ್ದಾನೆ. ಅಂದರೆ ನನ್ನ ಭ್ರಮೆಯಲ್ಲ. ಏಳು ಗಂಟೆಗೆ ಪೂರ್ತಿ ಕತ್ತಲಾದ ಮೇಲೆ ಮತ್ತೆ ಬೆಳಕಿನ ಮುಳ್ಳು ಎದ್ದವು, ಆದರೆ ಈಗ ಜಾಗ ಗೊತ್ತಿದೆಯಲ್ಲ, ಆಗಾಗ ಸಿಗುತ್ತಿತ್ತು.


ಮಿಣುಕುಹುಳ | ಶನಿವಾರ ಸಂಜೆ 7:40

ಶಹಬ್ಬಾಸ್! ಮಗ ಬರೆದದ್ದನ್ನು ದಿನಾಂಕ ಹಾಕಿ ಎತ್ತಿಡಿ.


ಹಡಗಿನ ಗಂಟೆ | ಶನಿವಾರ ರಾತ್ರಿ 8:02

ಭಾರೀ ಖುಷಿ ಆಯಿತು ಮಾರಾಯ್ರೆ.


ತಾರಸಿ ಗೂಬೆ | ಶನಿವಾರ ರಾತ್ರಿ 8:30

ಮಗ ಕೇಳುತ್ತಿದ್ದಾನೆ, ಲುಬ್ಧಕನ ಪಕ್ಕದಲ್ಲೂ ಒಂದು ಇದೆಯಂತೆ, ನಾಳೆ ಅದನ್ನು ನೋಡೋಣವಾ ಅಂತ.


ಮಿಣುಕುಹುಳ | ಶನಿವಾರ ರಾತ್ರಿ 8:41

ಮೇಡಂ, ಲುಬ್ಧಕ ಹುಡುಕುವವರು ಮೊದಲು ರೈಜೆಲಿನಲ್ಲೇ ಕೈ ಪಳಗಿಸಿಕೊಳ್ಳುವುದು. ಅಂತರ ಅಲ್ಲೂ ಸುಮಾರು ಇಷ್ಟೇ, ಹನ್ನೊಂದು ಆರ್ಕ್‌ಸೆಕೆಂಡ್. ಆದರೆ ಬೆಳಕಿನ ವ್ಯತ್ಯಾಸ 400 ಅಲ್ಲ, ಸುಮಾರು 10,000 ಪಟ್ಟು. ನನ್ನ ಎಂಟು ಇಂಚಿನದ್ದಕ್ಕೆ ನಾಲ್ಕು ಚಳಿಗಾಲದಲ್ಲಿ ಒಂದೇ ಒಂದು ಸಲ ಸಿಕ್ಕಿದೆ, ಅದೂ ಪಕ್ಕದಲ್ಲಿದ್ದ ತಮ್ಮ ನಂಬಲಿಲ್ಲ. ಕನ್ನಡಿಯ ಜೋಡಣೆ ಸರಿ ಇದೆಯಾ ಅಂತ ಮೊದಲು ನೋಡಿಸಿ. ಮಗನಿಗೆ ನಾಳೆ ಅನ್ನಬೇಡಿ, ಮುಂದಿನ ಚಳಿಗಾಲ ಅನ್ನಿ.